ಪೇಟಿ ಮಾಸ್ತರರ ರಾತ್ರಿಪಾಳಿ

ಹಾವೇರಿ ಸೀಮೆಯ ನಾಟಕಗಳಲ್ಲಿ ರಂಗದ ಮುಂದೆ, ಮಂದಿಗೆ ಬೆನ್ನು ಕೊಟ್ಟು ಕೂರುವವರು ಪೇಟಿ (ಹಾರ್ಮೋನಿಯಂ) ಮತ್ತು ತಬಲಾದವರು. ರಾತ್ರಿ ಹತ್ತರ ನಾಂದಿಯಿಂದ ಕೋಳಿ ಕೂಗುವ ಹೊತ್ತಿನ ಮಂಗಳದವರೆಗೆ ಅವರು ಏಳುವಂತಿಲ್ಲ. ಪಾತ್ರಧಾರಿಗೆ ಪರದೆಯ ಹಿಂದೆ ಹೋಗಿ ಚಹಾ ಕುಡಿಯಲು ಪುರುಸೊತ್ತುಂಟು, ಇವರಿಗಿಲ್ಲ.

ಈ ಕಸುಬಿನ ಬೇರು ಕಂಪನಿ ನಾಟಕದಲ್ಲಿದೆ. ಹಿರೇಕೆರೂರು ತಾಲ್ಲೂಕಿನ ಸಾತೇನಹಳ್ಳಿಯಲ್ಲಿ 1856ರಲ್ಲಿ ಹುಟ್ಟಿದ ಶಾಂತಕವಿ, ಮರಾಠಿ ನಾಟಕಗಳ ಅಬ್ಬರಕ್ಕೆ ಎದುರಾಗಿ 1870ರ ದಶಕದಲ್ಲಿ ಗದುಗಿನಲ್ಲಿ ಕನ್ನಡ ಮಂಡಳಿ ಕಟ್ಟಿದರು. ಮುಂದೆ ಕಂಪನಿಗಳಿಗೆ ಕಾಲುಪೇಟಿ ಬಂತು. ಕೈಪೇಟಿಯಲ್ಲಿ ಒಂದು ಕೈ ಗಾಳಿ ಹಾಕುವುದಕ್ಕೇ ಸರಿ; ಕಾಲುಪೇಟಿಯಲ್ಲಿ ತಿದಿ ಒತ್ತುವ ಕೆಲಸ ಪಾದಕ್ಕೆ ಬಿದ್ದು ಎರಡೂ ಕೈ ಮನೆಗಳ ಮೇಲೆ ಓಡಾಡುತ್ತವೆ. ಮೈಕಿಲ್ಲದ ಕಾಲದಲ್ಲಿ ತಗಡಿನ ಥಿಯೇಟರಿಗೆ ಅಂಥ ತುಂಬುದನಿಯೇ ಬೇಕಿತ್ತು. 1940ರಿಂದ ಮೂರು ದಶಕ ರೇಡಿಯೊದವರು ಹಾರ್ಮೋನಿಯಂ ಅನ್ನು ದೂರವಿಟ್ಟಿದ್ದರು. ನಾಟಕದವರಿಗೆ ಆ ಮಡಿ ಕಟ್ಟಿಕೊಂಡರೆ ಹೊಟ್ಟೆ ತುಂಬುತ್ತಿರಲಿಲ್ಲ.

ನಾಯಕ ಕರಿ ಒಂದರ ಶ್ರುತಿಯಲ್ಲಿ ಹಾಡಿದರೆ ನಾಯಕಿಯದು ಕರಿ ನಾಲ್ಕು. ಪೇಟಿ ಮಾಸ್ತರರು ಮಾತಿನ ಬಾಲ ಹಿಡಿದು, ಮುಂದೆ ಹಾಡುವವರ ಸುರ ಕೊಡಬೇಕು. ನಟ ಸಾಲು ಮರೆತರೆ ನೆನಪಾಗುವ ತನಕ ರಾಗ ಎಳೆಯಬೇಕು. ಒನ್ಸ್ ಮೋರ್ ಬಿದ್ದರೆ ಮತ್ತೆ ಮೊದಲಿನಿಂದ. ಇದೆಲ್ಲ ಕಣ್ಣಿಗಿಂತ ಕಿವಿಯ ಕೆಲಸ; ಕಣ್ಣಿಲ್ಲದವರಿಗೂ ಒಗ್ಗುವಂಥದ್ದು. ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯ ಪಂಚಾಕ್ಷರಿ ಗವಾಯಿಗಳು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಸಂಗೀತ ಕಲಿಸಿದರು. ಅವರ ಶಿಷ್ಯ, 1914ರಲ್ಲಿ ದೇವಗಿರಿಯಲ್ಲಿ ಹುಟ್ಟಿದ ಪುಟ್ಟರಾಜ ಗವಾಯಿಗಳು ಆಶ್ರಮದ ದಾಸೋಹ ನಡೆಯಲೆಂದೇ ನಾಟಕ ಕಂಪನಿ ನಡೆಸಿದರು, ತಾವೇ ನಾಟಕಗಳನ್ನೂ ಬರೆದರು. ಗಲ್ಲಾಪೆಟ್ಟಿಗೆಯ ದುಡ್ಡು ಅಂಧ ಮಕ್ಕಳ ಊಟವಾಯಿತು.

ಕಂಪನಿಯಲ್ಲಿ ವಾದಕರಿಗೆ ತಿಂಗಳ ಪಗಾರ, ಊಟ, ಬಿಡಾರ ಸಿಗುತ್ತಿದ್ದವು. ಮಳೆ ಹಿಡಿದು ಕಲೆಕ್ಷನ್ ಕುಸಿದರೆ ಪಗಾರವೂ ಮುಂದಕ್ಕೆ ಹೋಗುತ್ತಿತ್ತು. ಕಂಪನಿಗಳು ಕಡಿಮೆಯಾದ ಮೇಲೆ ಉಳಿದದ್ದು ಹಳ್ಳಿಯ ಹವ್ಯಾಸಿ ನಾಟಕ. ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಹೋಗಿ ಕೈಯಲ್ಲಿ ಕಾಸಾಡುವ ದಿನಗಳಿಂದ ಯುಗಾದಿ, ಜಾತ್ರೆಗಳವರೆಗೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಹಳ್ಳಿಗಳಲ್ಲಿ ಇದರ ಹಂಗಾಮು. ಪೇಟಿ ಮಾಸ್ತರರು ವಾರಗಟ್ಟಲೆ ಊರಲ್ಲೇ ಇದ್ದು ತಾಲೀಮು ಕೊಡುತ್ತಾರೆ. ತಬಲಾದವರದು ರಾತ್ರಿಯ ಲೆಕ್ಕ. ಸೀನರಿ, ಲೈಟು, ಕಲಾವಿದೆಯರ ಖರ್ಚು ಕಳೆದ ಮೇಲೆಯೇ ಸಂಗೀತದವರ ಮಾತು. ನಡುನಡುವೆ ಮೈಕಿನಲ್ಲಿ ಕೂಗುವ ಆಯೇರಿಯೂ (ಮಂದಿ ಕೊಡುವ ಕಾಣಿಕೆ) ಬಹುಪಾಲು ಪಾತ್ರಧಾರಿಗಳದೇ. ಮಳೆ ಬಿದ್ದು ಬಿತ್ತನೆ ಶುರುವಾದರೆ ಇವರಿಗೂ ಹೊಲವೇ ಗತಿ.

ಈಗ ಹಲವು ಕಡೆ ಪೇಟಿಯ ಜಾಗಕ್ಕೆ ಕ್ಯಾಸಿಯೊ ಕೀಬೋರ್ಡ್ ಬಂದಿದೆ. ಕ್ಲ್ಯಾರಿಯೊನೆಟ್ ದನಿಯೂ ತಬಲಾದ ಠೇಕಾವೂ ಅದರ ಗುಂಡಿಗಳಲ್ಲೇ ಸಿಗುವುದರಿಂದ ಮೂವರ ಜಾಗದಲ್ಲಿ ಒಬ್ಬರೇ ಕೂರುತ್ತಾರೆ. ನಟ ತಾಳ ತಪ್ಪಿದರೆ ತಬಲಾದವರು ಒಂದು ಮಾತ್ರೆ ನುಂಗಿ ಕೂಡಿಕೊಳ್ಳುತ್ತಿದ್ದರು. ಆ ಗುಂಡಿಗೆ ನಟನೇ ಕೂಡಿಕೊಳ್ಳಬೇಕು.