ಗಾಳಿಗೆ ತೆರುವ ಸುಂಕ

ಗಾಳಿಯು ಕಣ್ಣಿಗೆ ಕಾಣುವ ವಸ್ತುವಲ್ಲ. ಆದುದರಿಂದಲೇ ಅದಕ್ಕೆ ತೂಕವಿಲ್ಲವೆಂದೂ ಅದು ಯಾರ ದಾರಿಗೂ ಅಡ್ಡ ಬರುವುದಿಲ್ಲವೆಂದೂ ನಾವು ಭಾವಿಸುವುದುಂಟು. ಆದರೆ ಸಮುದ್ರಮಟ್ಟದಲ್ಲಿ ಒಂದು ಘನಮೀಟರ್ ಗಾಳಿಯ ತೂಕ ಸುಮಾರು 1.2 ಕಿಲೋಗ್ರಾಂ. ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಓಡುವ ವಾಹನವು ಸೆಕೆಂಡಿಗೆ 25 ಮೀಟರ್ ಮುಂದೆ ಸಾಗುತ್ತದೆ. ಅದರ ಮುಂಭಾಗದ ವಿಸ್ತೀರ್ಣ 3.2 ಚದರ ಮೀಟರ್ ಎಂದಿಟ್ಟುಕೊಳ್ಳಿ. ಆಗ ಪ್ರತಿ ಸೆಕೆಂಡಿಗೂ 80 ಘನಮೀಟರ್, ಅಂದರೆ ಒಂದು ಕ್ವಿಂಟಲಿಗೆ ತುಸುವೇ ಕಡಿಮೆಯಾದ ಗಾಳಿಯು ಅದರ ದಾರಿಯಲ್ಲಿ ಎದುರಾಗುತ್ತದೆ. ಇಷ್ಟು ಗಾಳಿಯನ್ನು ಬದಿಗೆ ಸರಿಸಿಯೇ ವಾಹನವು ಮುಂದೆ ಹೋಗಬೇಕು. ಈ ಕೆಲಸಕ್ಕೆ ಬೇಕಾದ ಶಕ್ತಿಯು ಇಂಧನದಿಂದಲೇ ಬರಬೇಕು.

ಈ ಸುಂಕವನ್ನು ಧಾರಾಳವಾಗಿ ತೆರುವ ವಾಹನಗಳಲ್ಲಿ ಅಮೆರಿಕದ ಪಿಕಪ್ ಟ್ರಕ್ಕು ಒಂದು. 1925ರಲ್ಲಿ ಫೋರ್ಡ್ ಕಂಪನಿಯು ತನ್ನ ಮಾಡೆಲ್-ಟಿ ಕಾರಿನ ಹಿಂಬದಿಗೆ ಕಾರ್ಖಾನೆಯಲ್ಲಿಯೇ ತೆರೆದ ತೊಟ್ಟಿಯೊಂದನ್ನು ಜೋಡಿಸಿ ಮಾರಾಟ ಮಾಡಿತು. ಹುಲ್ಲು, ಗೊಬ್ಬರ, ಹಾಲಿನ ಡಬ್ಬಿಗಳನ್ನು ಸಾಗಿಸಲು ರೈತರಿಗೆ ಅದು ಬಹಳ ಅನುಕೂಲವಾಯಿತು. ಕಾಲಕ್ರಮದಲ್ಲಿ ಹೊಲವಿಲ್ಲದವರೂ ಅದನ್ನು ನಿತ್ಯದ ಓಡಾಟಕ್ಕೆ ಬಳಸತೊಡಗಿದರು. ಅದರ ಆಕಾರವನ್ನು ನೋಡಿರಿ: ನೆಟ್ಟಗೆ ನಿಂತ ಮೂತಿ, ಅದರ ಹಿಂದೆ ಚಾಲಕನ ಎತ್ತರವಾದ ಗೂಡು, ಅಲ್ಲಿಂದ ಥಟ್ಟನೆ ಇಳಿದ ತೆರೆದ ತೊಟ್ಟಿ, ಕೊನೆಯಲ್ಲಿ ಮತ್ತೆ ನಿಂತ ಒಂದು ಹಿಂಬಾಗಿಲು. ಸರಕು ತುಂಬುವವನಿಗೆ ಇದಕ್ಕಿಂತ ಹಿತವಾದ ಆಕಾರವಿಲ್ಲ. ಗಾಳಿಗೆ ಇದಕ್ಕಿಂತ ಅಹಿತವಾದ ಆಕಾರವೂ ವಿರಳವೇ.

ಪೆಟ್ರೋಲು ಅಗ್ಗವಾಗಿದ್ದಷ್ಟು ಕಾಲ ಈ ವಿಷಯವನ್ನು ಹೆಚ್ಚು ಜನ ಚಿಂತಿಸಲಿಲ್ಲ. 1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ಅಮೆರಿಕಕ್ಕೆ ತೈಲ ಕೊಡುವುದನ್ನು ನಿಲ್ಲಿಸಿದವು. ಕೆಲವೇ ತಿಂಗಳುಗಳಲ್ಲಿ ಕಚ್ಚಾ ತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. 1974ರ ಜನವರಿಯಲ್ಲಿ ಆ ದೇಶವು ಹೆದ್ದಾರಿಗಳಲ್ಲಿ ಗಂಟೆಗೆ 55 ಮೈಲಿಗಿಂತ, ಅಂದರೆ ಸುಮಾರು 88 ಕಿಲೋಮೀಟರಿಗಿಂತ ಹೆಚ್ಚಿನ ವೇಗವನ್ನು ನಿಷೇಧಿಸುವ ಶಾಸನವನ್ನು ಮಾಡಿತು. 1995ರವರೆಗೂ ರಾಷ್ಟ್ರೀಯ ವೇಗಮಿತಿ ಉಳಿದುಕೊಂಡಿತ್ತು.

ವೇಗಕ್ಕೂ ಇಂಧನಕ್ಕೂ ಏನು ಸಂಬಂಧ? ಗಾಳಿಯ ತಡೆಯು ವೇಗದ ವರ್ಗಕ್ಕನುಗುಣವಾಗಿ ಹೆಚ್ಚುತ್ತದೆ. ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟಾಗುತ್ತದೆ. ಅದನ್ನು ಮೀರಲು ಎಂಜಿನ್ ಒದಗಿಸಬೇಕಾದ ಸಾಮರ್ಥ್ಯವಂತೂ ಎಂಟರಷ್ಟಾಗುತ್ತದೆ. ಗಂಟೆಗೆ 90 ಕಿಲೋಮೀಟರಿನಿಂದ 110ಕ್ಕೆ ಏರಿದರೆ ವೇಗ ಹೆಚ್ಚಿದ್ದು ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ಆದರೆ ತಡೆ ಹೆಚ್ಚಿದ್ದು ಸುಮಾರು ಅರ್ಧದಷ್ಟು. ಟೈರುಗಳು ಉರುಳುವಾಗ ಉಂಟಾಗುವ ತಡೆಯು ಹೀಗೆ ಏರುವುದಿಲ್ಲ. ಆದುದರಿಂದ ಊರೊಳಗೆ ನಿಧಾನವಾಗಿ ಹೋಗುವಾಗ ಗಾಳಿಯ ಲೆಕ್ಕ ಅಲ್ಪವಾದದ್ದು. ಹೆದ್ದಾರಿಯಲ್ಲಿ ಅದೇ ದೊಡ್ಡ ಲೆಕ್ಕ.

ಇನ್ನು ಈ ತಡೆ ಹುಟ್ಟುವುದಾದರೂ ಎಲ್ಲಿ? ಮೂತಿಗೆ ಗಾಳಿ ಬಡಿಯುವುದರಿಂದ ಎಂದು ನೀವು ಹೇಳಬಹುದು. ಅದು ಅರ್ಧ ಉತ್ತರ ಮಾತ್ರ. ಹೊಳೆಯ ನಡುವೆ ನಿಂತಿರುವ ಬಂಡೆಯನ್ನು ಗಮನಿಸಿದ್ದೀರಾ? ಅದರ ಮುಂದೆ ನೀರು ಉಬ್ಬಿ ಇಬ್ಬದಿಗೆ ಸರಿಯುತ್ತದೆ. ಬಂಡೆಯ ಹಿಂದೆಯಾದರೋ ನೀರು ಕೂಡಲೇ ಒಂದಾಗದೆ ಸುಳಿಸುಳಿಯಾಗಿ ತಿರುಗುತ್ತದೆ. ಅಲ್ಲಿ ಸಿಕ್ಕಿಕೊಂಡ ತರಗೆಲೆ ಮುಂದೆ ಹೋಗಲಾರದೆ ಸುತ್ತುತ್ತಲೇ ಇರುತ್ತದೆ. ವಾಹನದ ಹಿಂದೆಯೂ ಇಂತಹ ಸುಳಿಗಳೇಳುತ್ತವೆ, ಅಲ್ಲಿ ಗಾಳಿಯ ಒತ್ತಡ ಕುಸಿಯುತ್ತದೆ. ಮುಂದೆ ಹೆಚ್ಚಿನ ಒತ್ತಡ, ಹಿಂದೆ ಕಡಿಮೆ ಒತ್ತಡ: ಈ ವ್ಯತ್ಯಾಸವೇ ವಾಹನವನ್ನು ಹಿಂದಕ್ಕೆ ಎಳೆಯುವ ಬಲ. ಮೀನಿನ ದೇಹವು ಮುಂದೆ ದುಂಡಗಿದ್ದು ಹಿಂದೆ ನೀಳವಾಗಿ ಸಣ್ಣಗಾಗುವುದರ ಮರ್ಮ ಇದೇ. ಅಷ್ಟು ಉದ್ದದ ಬಾಲ ರಸ್ತೆಯ ವಾಹನಕ್ಕೆ ಒಗ್ಗದು. ಆ ಬಾಲವನ್ನು ನಡುವೆಯೇ ನೇರವಾಗಿ ಕತ್ತರಿಸಿದರೂ ಪ್ರಯೋಜನದ ಬಹುಪಾಲು ಉಳಿಯುವುದೆಂದು ಜರ್ಮನಿಯ ವುನಿಬಾಲ್ಡ್ ಕಾಮ್ ಎಂಬ ಎಂಜಿನಿಯರನು 1930ರ ದಶಕದಲ್ಲಿಯೇ ತೋರಿಸಿದ್ದನು.

ತೈಲದ ಅಭಾವ ತಲೆದೋರಿದ 1973ರಲ್ಲಿಯೇ ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿ ಒಂದು ಸ್ವಾರಸ್ಯಕರ ಸಂಶೋಧನೆ ಮೊದಲಾಯಿತು. ಅಲ್ಲಿರುವ ನಾಸಾ ಸಂಸ್ಥೆಯ ಹಾರಾಟ ಸಂಶೋಧನಾ ಕೇಂದ್ರದಲ್ಲಿ (ಅದಕ್ಕೆ ಈಗ ನೀಲ್ ಆರ್ಮ್‌ಸ್ಟ್ರಾಂಗ್ ಅವರ ಹೆಸರಿದೆ) ಎಡ್ವಿನ್ ಸಾಲ್ಟ್ಸ್‌ಮನ್ ಎಂಬ ಎಂಜಿನಿಯರರಿದ್ದರು. ಅವರು ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗುತ್ತಿದ್ದರು. ಭಾರಿ ಟ್ರಕ್ಕೊಂದು ಹಿಂದಿನಿಂದ ಬಂದು ದಾಟಿ ಹೋಗುವಾಗ ಮೊದಲು ಗಾಳಿಯು ಅವರನ್ನು ರಸ್ತೆಯಿಂದಾಚೆಗೆ ತಳ್ಳುತ್ತಿತ್ತು. ಟ್ರಕ್ಕು ಮುಂದೆ ಹೋದೊಡನೆ ಮತ್ತೆ ರಸ್ತೆಯ ಕಡೆಗೆ ಸೆಳೆಯುತ್ತಿತ್ತು. ಬೇರೆಯವರಾಗಿದ್ದರೆ ಶಪಿಸಿ ಸುಮ್ಮನಾಗುತ್ತಿದ್ದರೇನೋ. ವಿಮಾನಗಳ ಮೇಲಿನ ಗಾಳಿಯ ಬಲಗಳನ್ನು ಅಭ್ಯಸಿಸಿದ್ದ ಸಾಲ್ಟ್ಸ್‌ಮನ್ನರಿಗಾದರೋ, ಟ್ರಕ್ಕು ಎಷ್ಟು ಶಕ್ತಿಯನ್ನು ವೃಥಾ ಗಾಳಿಗೆ ಚೆಲ್ಲುತ್ತಿದೆ ಎಂಬುದು ಈ ಅನುಭವದಿಂದ ಹೊಳೆಯಿತು.

ಅವರೂ ಅವರ ಸಂಗಡಿಗರೂ ಹಳೆಯ ಫೋರ್ಡ್ ವ್ಯಾನೊಂದನ್ನು ತೆಗೆದುಕೊಂಡು ಅದರ ಸುತ್ತಲೂ ಅಲ್ಯೂಮಿನಿಯಂ ತಗಡುಗಳನ್ನು ಹೊದಿಸಿ, ಎಲ್ಲ ಮೂಲೆಗಳೂ ಲಂಬಕೋನದಲ್ಲಿರುವ ಡಬ್ಬವನ್ನಾಗಿ ಮಾಡಿದರು. ನೋಡಲು ಅದು ಚಕ್ರಗಳಿಟ್ಟ ಚಪ್ಪಲಿ ಪೆಟ್ಟಿಗೆಯಂತಿತ್ತು! ಅಳೆಯುವ ಕ್ರಮವೂ ಸರಳವಾಗಿತ್ತು. ವಾಹನವನ್ನು ನಿಶ್ಚಿತ ವೇಗಕ್ಕೆ ಓಡಿಸಿ, ಗೇರನ್ನು ಬಿಡಿಸಿ, ಅದು ತಾನಾಗಿ ಎಷ್ಟು ಬೇಗ ನಿಧಾನವಾಗುವುದೆಂದು ಲೆಕ್ಕವಿಡುವುದು. ತಡೆ ಹೆಚ್ಚಿದ್ದರೆ ವೇಗ ಬೇಗ ಇಳಿಯುತ್ತದೆ. ಅನಂತರ ಮೂಲೆಗಳನ್ನು ಒಂದೊಂದಾಗಿ ದುಂಡಗೆ ಮಾಡುತ್ತ ಬಂದರು. ಮುಂದಿನ ಮತ್ತು ಹಿಂದಿನ ನಿಲುವಂಚುಗಳನ್ನು ದುಂಡಾಗಿಸಿದಾಗ ತಡೆ ಶೇಕಡಾ 40ರಷ್ಟು ಇಳಿಯಿತು. ಅಡ್ಡಂಚುಗಳನ್ನೂ ದುಂಡಾಗಿಸಿದಾಗ ಶೇಕಡಾ 54ರಷ್ಟು. ಇದಕ್ಕಾಗಿ ಕಳೆದುಕೊಂಡ ಒಳಗಿನ ಜಾಗವು ಶೇಕಡಾ 3 ಮಾತ್ರ. ಹೊಸ ಎಂಜಿನ್ ಬೇಡ, ಹೊಸ ಇಂಧನ ಬೇಡ, ಮೂಲೆಗಳ ತೀಕ್ಷ್ಣತೆಯನ್ನು ತೆಗೆದರೆ ಸಾಕಾಗಿತ್ತು.

ಪಿಕಪ್ಪಿನ ಸಮಸ್ಯೆ ಇನ್ನೂ ಜಟಿಲವಾದದ್ದು, ಏಕೆಂದರೆ ಅದರ ತೊಟ್ಟಿ ತೆರೆದಿರುತ್ತದೆ. ಅದರ ಹಿಂಬಾಗಿಲು ಗಾಳಿಯನ್ನು ತಡೆದು ನಿಲ್ಲಿಸುವುದೆಂದೂ ಅದನ್ನು ಇಳಿಬಿಟ್ಟುಕೊಂಡು ಹೋದರೆ ಪೆಟ್ರೋಲು ಉಳಿಯುವುದೆಂದೂ ಚಾಲಕರಲ್ಲಿ ಬಹುಕಾಲದಿಂದ ನಂಬಿಕೆಯಿದೆ. ತರ್ಕಕ್ಕೆ ಒಪ್ಪುವಂತೆ ಕಾಣುವ ಈ ನಂಬಿಕೆಯನ್ನು ಗಾಳಿಸುರಂಗದ ಪ್ರಯೋಗಗಳು ಸುಳ್ಳೆನಿಸಿವೆ. ಗೂಡಿನ ಛಾವಣಿಯನ್ನು ದಾಟಿದ ಗಾಳಿಯ ಒಂದು ಭಾಗವು ತೊಟ್ಟಿಯೊಳಕ್ಕೆ ಇಳಿದು, ಮುಚ್ಚಿದ ಹಿಂಬಾಗಿಲಿನೊಳಗೆ ಉರುಳೆಯಂತೆ ತಿರುಗುತ್ತ ನಿಲ್ಲುತ್ತದೆ. ಮೇಲಿನ ಗಾಳಿಯು ಈ ಉರುಳೆಯ ಬೆನ್ನಿನ ಮೇಲೆ ಜಾರಿ ಹಿಂದಕ್ಕೆ ಹೋಗುತ್ತದೆ. ಬಾಗಿಲನ್ನು ಇಳಿಸಿದರೆ ಉರುಳೆ ಚದುರಿಹೋಗುತ್ತದೆ, ಗೂಡಿನ ಬೆನ್ನ ಹಿಂದೆಯೇ ದೊಡ್ಡ ಸುಳಿಗಳು ಏಳುತ್ತವೆ. ಇಂಧನ ಉಳಿಸಲೆಂದು ಬಾಗಿಲು ಇಳಿಸಿದವನು ಅಷ್ಟರಮಟ್ಟಿಗೆ ಹೆಚ್ಚು ಇಂಧನವನ್ನೇ ಸುಡುತ್ತಾನೆ. ಮೇಲಾಗಿ ಸರಕು ರಸ್ತೆಗೆ ಬೀಳುವ ಭಯ ಬೇರೆ.

ತೊಟ್ಟಿಯ ಬಾಯಿಗೆ ಬಿಗಿಯಾಗಿ ಹೊದಿಕೆ ಹಾಕಿದರೆ ತಡೆ ಶೇಕಡಾ ಕೆಲವಂಶ ಇಳಿಯುತ್ತದೆ. ಗೂಡಿನ ಛಾವಣಿಯಿಂದ ಹಿಂಬಾಗಿಲಿನವರೆಗೆ ಇಳಿಜಾರಾದ ಮುಚ್ಚಳವನ್ನು ಕೂರಿಸುವುದು ಇದಕ್ಕಿಂತ ಉತ್ತಮ. ಆದರೆ ಇಳಿಜಾರು ಸುಮಾರು 12ರಿಂದ 15 ಡಿಗ್ರಿಗಿಂತ ಕಡಿದಾಗಿರಬಾರದು. ಕಡಿದಾದರೆ ಗಾಳಿಯು ಮೈಯನ್ನು ಬಿಟ್ಟು ಹಾರಿ ಮತ್ತೆ ಸುಳಿಯಾಗುತ್ತದೆ. ಉಣ್ಣೆಯ ಎಳೆಗಳನ್ನು ಮುಚ್ಚಳಕ್ಕೆ ಅಂಟಿಸಿ ಓಡಿಸಿದರೆ ಇದು ಕಣ್ಣಿಗೇ ಕಾಣುತ್ತದೆ. ಗಾಳಿ ಅಂಟಿಕೊಂಡು ಹರಿಯುವೆಡೆ ಎಳೆಗಳು ನೇರವಾಗಿ ಮಲಗಿರುತ್ತವೆ, ಬಿಟ್ಟುಹೋದೆಡೆ ತಲೆಕೆಳಗಾಗಿ ಕುಣಿಯುತ್ತವೆ. ಇಂತಹ ಮುಚ್ಚಳಗಳನ್ನು ಪ್ಲೈವುಡ್ಡಿನಿಂದಲೂ ತಗಡಿನಿಂದಲೂ ಮನೆಯಲ್ಲಿಯೇ ಮಾಡಿಕೊಂಡವರಿದ್ದಾರೆ.

ತಡೆಯನ್ನು ಹತ್ತನೆಯ ಒಂದು ಭಾಗ ಇಳಿಸಿದರೆ ಇಂಧನವೂ ಹತ್ತನೆಯ ಒಂದು ಭಾಗ ಉಳಿಯುವುದೆಂದು ತಿಳಿಯಬಾರದು. ಟೈರು, ಗೇರು ಮುಂತಾದುವುಗಳ ಪಾಲು ಹಾಗೆಯೇ ಉಳಿಯುವುದರಿಂದ, ಹೆದ್ದಾರಿಯಲ್ಲಿ ಸಿಗುವ ಉಳಿತಾಯವು ಸ್ಥೂಲವಾಗಿ ಅದರ ಅರ್ಧದಷ್ಟು. ಇಳಿಜಾರು ಮುಚ್ಚಳ ಹಾಕಿದವನು ಎತ್ತರದ ಸರಕನ್ನು ಹೇರಲಾರನು. ವಾರಕ್ಕೆರಡು ಬಾರಿ ಹುಲ್ಲಿನ ಹೊರೆ ಸಾಗಿಸುವ ರೈತನಿಗೆ ಅದು ತೊಡಕೇ ಸರಿ. ಅವನು ಬೇಕಾದಾಗ ಸುತ್ತಿಡಬಹುದಾದ ಬಟ್ಟೆಯ ಹೊದಿಕೆಯನ್ನೇ ಆರಿಸಿಕೊಳ್ಳುತ್ತಾನೆ. ಬರಿದೇ ದೂರ ಪ್ರಯಾಣ ಹೊರಟಾಗ ವೇಗವನ್ನು ತುಸು ತಗ್ಗಿಸುತ್ತಾನೆ, ಅದಕ್ಕೆ ಯಾವ ಖರ್ಚೂ ಇಲ್ಲ.