ನಿಂತಲ್ಲೇ ತೂಗುವ ದೇಹ

ಪ್ರಶ್ನೆ: ಒಂಚೂರೂ ಅಲ್ಲಾಡದೆ ನಿಲ್ಲಲು ಸಾಧ್ಯವೇ? ಸಮತೋಲನವನ್ನು ಸೆನ್ಸರ್ ಹೇಗೆ ಅಳೆಯುತ್ತದೆ?

ಉತ್ತರ: ಸಾಧ್ಯವಿಲ್ಲ. ಪರೇಡಿನಲ್ಲಿ ಸೆಟೆದು ನಿಂತ ಸಿಪಾಯಿಯೂ ಸಣ್ಣಗೆ ತೂಗುತ್ತಲೇ ಇರುತ್ತಾನೆ. ದೇಹದ ಭಾರಕೇಂದ್ರ ಪಾದದ ಕೀಲಿಗಿಂತ ತುಸು ಮುಂದಿರುವುದರಿಂದ ಮೈ ಮುಂದಕ್ಕೆ ವಾಲಲು ನೋಡುತ್ತದೆ. ಮೀನಖಂಡದ ಸ್ನಾಯುಗಳು ಅದನ್ನು ಹಿಂದಕ್ಕೆಳೆಯುತ್ತವೆ. ವಾಲಿದ ಸುದ್ದಿ ಮುಟ್ಟಿಸುವುದು ಕಣ್ಣು, ಒಳಕಿವಿ, ಅಂಗಾಲು ಮತ್ತು ಕೀಲುಗಳು.

ಜರ್ಮನಿಯ ವೈದ್ಯ ರಾಂಬರ್ಗ್ 19ನೇ ಶತಮಾನದಲ್ಲೇ ಇದನ್ನು ಪರೀಕ್ಷೆಯಾಗಿಸಿದ. ಪಾದ ಜೋಡಿಸಿ, ಕಣ್ಣು ಮುಚ್ಚಿ ನಿಲ್ಲಬೇಕು. ಬೆನ್ನುಹುರಿಯ ಸಂವೇದನೆ ಕೆಟ್ಟವರು ಕಣ್ಣು ಮುಚ್ಚಿದೊಡನೆ ತೂರಾಡುತ್ತಾರೆ. ಆದರೆ ಎಷ್ಟು ತೂರಾಡಿದರು ಎಂಬುದು ವೈದ್ಯರ ಕಣ್ಣಂದಾಜು.

ಈಗ ಸೊಂಟದ ಹಿಂಭಾಗಕ್ಕೆ, ಭಾರಕೇಂದ್ರದ ಸಮೀಪ, ಬೆಲ್ಟಿನಲ್ಲಿ ಪುಟ್ಟ ಸೆನ್ಸರ್ ಕಟ್ಟುತ್ತಾರೆ. ಅದರಲ್ಲಿರುವ, ವೇಗದ ಬದಲಾವಣೆ ಅಳೆಯುವ ಆಕ್ಸೆಲೆರೋಮೀಟರ್ ಗುರುತ್ವದ ಎಳೆತವನ್ನೂ ಗ್ರಹಿಸುತ್ತದೆ: ಮೈ ಒಂದೇ ಡಿಗ್ರಿ ವಾಲಿದರೂ, ಅಡ್ಡಲಾಗಿದ್ದ ಅಕ್ಷದಲ್ಲಿ ಗುರುತ್ವದ ಶೇ. 1.7ರಷ್ಟು ಪಾಲು ಕಾಣಿಸುತ್ತದೆ. ಗೈರೋಸ್ಕೋಪ್ ವಾಲುವ ವೇಗ ಹೇಳುತ್ತದೆ. ಈ ಎರಡೂ ಈಗಿನ ಬಹುತೇಕ ಸ್ಮಾರ್ಟ್‌ಫೋನ್‌ಗಳಲ್ಲಿವೆ!

ಹಾಗೆಂದು ಫೋನ್ ಕಟ್ಟಿಕೊಂಡು ರೋಗ ನಿರ್ಧರಿಸಲಾಗದು. ಬೆಲ್ಟ್ ಸಡಿಲವಾದರೆ, ಮಾತಾಡಿದರೆ, ಪಾದಗಳ ಅಂತರ ಬದಲಾದರೆ ಅಂಕಿಯೂ ಬದಲು. ಅದಕ್ಕೇ ಒಂದೇ ವ್ಯಕ್ತಿಯನ್ನು ಒಂದೇ ಭಂಗಿಯಲ್ಲಿ, ಮೊದಲು ಕಣ್ಣು ತೆರೆದು, ಆಮೇಲೆ ಮುಚ್ಚಿ ಅಳೆದು ಹೋಲಿಸುತ್ತಾರೆ.