ಡ್ರೋನ್ ಭೂಮಾಪನ: ಹಾರಾಟಕ್ಕೆ ಮೊದಲು ಬಾಂದುಕಲ್ಲು ಕಾಣಲಿ

ಸರಪಳಿ ಎಳೆದು ಮಾಡುತ್ತಿದ್ದ ಜಮೀನಿನ ಅಳತೆಯನ್ನು ಈಗ ಡ್ರೋನ್ ಎಂಬ ಪುಟ್ಟ ಚಾಲಕರಹಿತ ವಿಮಾನದಿಂದಲೂ ಮಾಡಬಹುದಾಗಿದೆ. 2020ರ ಏಪ್ರಿಲ್ 24ರಂದು ಆರಂಭವಾದ ಕೇಂದ್ರದ ಸ್ವಾಮಿತ್ವ ಯೋಜನೆಯಲ್ಲಿ ಗ್ರಾಮಠಾಣದ ಮನೆ, ಹಿತ್ತಿಲುಗಳನ್ನು ಹೀಗೆ ಅಳೆಯತೊಡಗಿದರು. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಹೊಲ, ತೋಟಗಳ ದೊಡ್ಡ ಹರವನ್ನು ಅಳೆಯುವಾಗ ರೈತರು ತಿಳಿದಿರಬೇಕಾದ ಅಂಶಗಳು ಇಲ್ಲಿವೆ.

ಹಾರಾಟದ ಯೋಜನೆ

ಡ್ರೋನ್ ಇಡೀ ಸೀಮೆಯನ್ನು ಒಂದೇ ಚಿತ್ರದಲ್ಲಿ ತೆಗೆಯುವುದಿಲ್ಲ. ನೇಗಿಲ ಸಾಲಿನಂತೆ ಹೋಗಿ ಬರುತ್ತ ಸಾವಿರಾರು ಚಿತ್ರ ತೆಗೆಯುತ್ತದೆ. ಒಂದು ಚಿತ್ರದ ಶೇ. 80ರಷ್ಟು ಭಾಗ ಮುಂದಿನ ಚಿತ್ರದಲ್ಲೂ, ಶೇ. 70ರಷ್ಟು ಪಕ್ಕದ ಸಾಲಿನಲ್ಲೂ ಬರುವಂತಿದ್ದರೆ ಉತ್ತಮ. ಚಿತ್ರದ ಒಂದು ಚುಕ್ಕೆ ನೆಲದ 5 ಸೆಂ.ಮೀ.ಗೆ ಸಮವಾದರೆ ಒಂದು ಗುಂಟೆಯಲ್ಲಿ ಸುಮಾರು 40,000 ಚುಕ್ಕೆಗಳಿರುತ್ತವೆ. ಅಗಲಕ್ಕೆ 6,000, ಉದ್ದಕ್ಕೆ 4,000 ಚುಕ್ಕೆಯ ಕ್ಯಾಮೆರಾದಿಂದ 1,000 ಎಕರೆಗೆ ಸುಮಾರು 1,100 ಚಿತ್ರಗಳು ಬೇಕು. ಚುಕ್ಕೆ 3 ಸೆಂ.ಮೀ. ಆದರೆ 3,100 ಬೇಕು. ಅಗತ್ಯಕ್ಕಿಂತ ಹೆಚ್ಚು ಸೂಕ್ಷ್ಮತೆ ಕೇಳಿದರೆ ಕಾಲ, ಖರ್ಚು ಎರಡೂ ಏರುತ್ತವೆ.

ಸ್ಥಳೀಯ ತೊಡಕುಗಳು

ಅರಸೀಕೆರೆಯ ತೆಂಗಿನ ತೋಟಗಳಲ್ಲಿ ಗರಿಗಳು ಅಲುಗಾಡಿದರೆ ಚಿತ್ರಗಳು ಒಂದಕ್ಕೊಂದು ಸೇರುವುದಿಲ್ಲ. ಗಾಳಿಯಿಲ್ಲದ ಹೊತ್ತು ಆರಿಸಬೇಕು. ಹಳೇಬೀಡಿನ ದೋರಸಮುದ್ರದಂತಹ ಕೆರೆಯ ನೀರಿನಲ್ಲಿ ಜೋಡಣೆಗೆ ಬೇಕಾದ ಸ್ಥಿರ ಗುರುತುಗಳು ಸಿಗವು. ದಂಡೆಯನ್ನೂ ಸೇರಿಸಿ ಹಾರಿಸಬೇಕು. ಬೇಲೂರು ಕಡೆಯ ಏರುತಗ್ಗಿನಲ್ಲಿ ಡ್ರೋನ್ ನೆಲದ ಏರಿಳಿತವನ್ನು ಅನುಸರಿಸಬೇಕು. ಕಾಫಿ ತೋಟದ ನೆರಳುಮರಗಳ ಕೆಳಗಿನ ಬದು ಆಕಾಶದಿಂದ ಕಾಣದು. ಅದನ್ನು ನೆಲದ ಮೇಲಿನ ಉಪಕರಣದಿಂದಲೇ ಅಳೆಯಬೇಕು.

ನಕ್ಷೆ ತಯಾರಿಕೆ

ಕಂಪ್ಯೂಟರ್ ಚಿತ್ರಗಳಲ್ಲಿನ ಸಮಾನ ಗುರುತುಗಳನ್ನು ಹುಡುಕಿ ಹೊಲಿಯುತ್ತದೆ, ಓರೆಯನ್ನು ಸರಿಪಡಿಸುತ್ತದೆ. ನಕ್ಷೆ ಸರಿಯಾದ ಜಾಗದಲ್ಲಿ ಕೂರಲು, ಕರಾರುವಾಕ್ಕಾಗಿ ಅಳೆದ ಗುರುತುಗಳನ್ನು ನೆಲದ ಮೇಲೆ ಬಿಳಿ ಬಣ್ಣದಿಂದ ಹಾಕಿರುತ್ತಾರೆ. ಇವು ಒಂದೇ ಮೂಲೆಯಲ್ಲಿರದೆ ಸೀಮೆಯ ಅಂಚು, ನಡುವೆ ಎಲ್ಲೆಡೆ ಹರಡಿರಬೇಕು. ಕೆಲವನ್ನು ಜೋಡಣೆಗೆ ಬಳಸದೆ, ತಾಳೆ ನೋಡಲೆಂದೇ ಉಳಿಸಿಕೊಳ್ಳಬೇಕು.

ರೈತರು ಮಾಡಬೇಕಾದದ್ದು

1. ಪೊದೆ ಸವರಿ ಬಾಂದುಕಲ್ಲು ಕಾಣುವಂತೆ ಮಾಡಿ.

2. ನೆರೆಯ ಹಿಡುವಳಿದಾರರನ್ನು ಕರೆದು, ಒಪ್ಪಿತವಾದ ಹದ್ದಿಗೆ ಸುಣ್ಣದ ಗೆರೆ ಎಳೆಯಿರಿ.

3. ಬಿಳಿ ಗುರುತುಗಳನ್ನು ದನಕರು ತುಳಿಯದಂತೆ ನೋಡಿಕೊಳ್ಳಿ.

4. ನಕ್ಷೆ ಬಂದಾಗ ಚಕ್ಕುಬಂದಿಯನ್ನು ಪಹಣಿ ಮತ್ತು ಹಳೆಯ ಸರ್ವೆ ನಕ್ಷೆಯೊಡನೆ ಹೋಲಿಸಿ. ವ್ಯತ್ಯಾಸವಿದ್ದರೆ ಕೂಡಲೇ ಬರೆದು ತಿಳಿಸಿ.

ಡ್ರೋನ್ ಹದ್ದಿನ ತಕರಾರನ್ನು ತೀರಿಸುವುದಿಲ್ಲ. ನೆಲದ ಮೇಲೆ ಗುರುತಿದ್ದರೆ ಮಾತ್ರ ಅದು ನಕ್ಷೆಯಲ್ಲಿ ಮೂಡುತ್ತದೆ. ಆದುದರಿಂದ ಹಾರಾಟದ ದಿನ ಜಮೀನಿನಲ್ಲಿ ಹಾಜರಿರುವುದು ರೈತರಿಗೇ ಲಾಭ.